ಬಿಡಿ ತುದಿಯಿಲ್ಲದ ಎರಡು ದಾರಗಳು ಹೆಣೆದುಕೊಳ್ಳುವುದು ಹೇಗೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಕಾಲಿನಿಂದ ತುಳಿಯುವ ಹಳೆಯ ಹೊಲಿಗೆ ಯಂತ್ರವಿದೆ. ಕೈಹೊಲಿಗೆಯಲ್ಲಿ ಸೂಜಿ ಬಟ್ಟೆಯನ್ನು ದಾಟಿ ಆಚೆಗೆ ಹೋಗುತ್ತದೆ. ಯಂತ್ರದ ಸೂಜಿಯಾದರೋ ಇಳಿದ ತೂತಿನಿಂದಲೇ ಮೇಲೇರುತ್ತದೆ. ಮೇಲಿನ ದಾರ ರೀಲಿನಲ್ಲಿದೆ, ಕೆಳಗಿನದು ಬಾಬಿನ್‌ನಲ್ಲಿದೆ. ಎರಡಕ್ಕೂ ಬಿಡಿ ತುದಿಯಿಲ್ಲದಿರುವಾಗ ಅವು ಹೆಣೆದುಕೊಳ್ಳುವುದಾದರೂ ಹೇಗೆ?
(ಓದುಗರು, ಶಿರಸಿ)

ಉತ್ತರ: ಹೆಣಿಗೆ ಬೀಳಬೇಕಾದರೆ ಒಂದು ದಾರದ ತುದಿ ಇನ್ನೊಂದರ ಕುಣಿಕೆಯೊಳಗೆ ತೂರಲೇಬೇಕು ಎಂಬ ನಿಮ್ಮ ತರ್ಕ ಸರಿಯಾಗಿಯೇ ಇದೆ. ಯಂತ್ರದೊಳಗೆ ಆಗುವುದೂ ಅದೇ. ಆದರೆ ಅಲ್ಲಿ ತೂರುವುದು ಕೆಳದಾರದ ತುದಿಯಲ್ಲ. ಆ ದಾರವನ್ನು ಸುತ್ತಿಟ್ಟ ಬಾಬಿನ್ ಇಡಿಯಾಗಿ, ತನ್ನ ಕೇಸಿನ ಸಮೇತ, ಮೇಲುದಾರದ ಕುಣಿಕೆಯನ್ನು ದಾಟುತ್ತದೆ, ಅದೂ ಪ್ರತಿಯೊಂದು ಹೊಲಿಗೆಗೂ ಒಮ್ಮೆ.

ಇದನ್ನು ನೀವೇ ನೋಡಬಹುದು. ಬೆಲ್ಟ್ ಕಳಚಿ, ಯಂತ್ರದ ತಲೆಯನ್ನು ಹಿಂದಕ್ಕೆ ವಾಲಿಸಿ, ಬಲಬದಿಯ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಸೂಜಿ ತಳ ಮುಟ್ಟಿ ಸುಮಾರು 2 ಮಿಲಿಮೀಟರ್ ಮೇಲೇರಿದ ಕ್ಷಣವನ್ನು ಗಮನವಿಟ್ಟು ನೋಡಬೇಕು. ಸೂಜಿಯ ಒಂದು ಬದಿಯಲ್ಲಿ ಉದ್ದನೆಯ ತೋಡು ಇರುವುದರಿಂದ ಅಲ್ಲಿನ ದಾರ ಸಲೀಸಾಗಿ ಜಾರುತ್ತದೆ. ಇನ್ನೊಂದು ಬದಿಯ ದಾರವು ಸೂಜಿಗೂ ಬಟ್ಟೆಗೂ ನಡುವೆ ಸಿಕ್ಕಿಬಿದ್ದು, ಸೂಜಿಯೊಂದಿಗೆ ಮೇಲೇರಲಾರದೆ ಪುಟ್ಟ ಕುಣಿಕೆಯಾಗಿ ಹೊರಕ್ಕೆ ಉಬ್ಬುತ್ತದೆ. ಸರಿಯಾಗಿ ಆಗಲೇ, ಬಾಬಿನ್ ಕೇಸನ್ನು ಸುತ್ತುವರಿದು ತಿರುಗುವ ಶಟಲ್ ಎಂಬ ತುಂಡಿನ ಚೂಪಾದ ಕೊಕ್ಕು ಬಂದು ಆ ಕುಣಿಕೆಯೊಳಗೆ ಹೊಗುತ್ತದೆ. ಸೂಜಿ ತುಸು ಬಾಗಿದ್ದರೂ, ಅದರ ಚಪ್ಪಟೆ ಬದಿ ಶಟಲ್ಲಿನ ಕಡೆಗಿರದಿದ್ದರೂ ಕೊಕ್ಕಿಗೆ ಕುಣಿಕೆ ಸಿಗದೆ ಹೊಲಿಗೆ ತಪ್ಪುತ್ತದೆ.

ಕೊಕ್ಕು ಹಿಡಿದ ಕುಣಿಕೆಯನ್ನು ಶಟಲ್ ಅರ್ಧ ಸುತ್ತು ತಿರುಗುತ್ತಾ ಹಿಗ್ಗಿಸುತ್ತದೆ. ಕುಣಿಕೆಯ ಒಂದು ಎಳೆ ಬಾಬಿನ್ ಕೇಸಿನ ಮುಂದಿನಿಂದ, ಇನ್ನೊಂದು ಎಳೆ ಶಟಲ್ಲಿನ ಹಿಂದಿನಿಂದ ಸರಿದು, ತಳವನ್ನು ದಾಟಿದೊಡನೆ ಜಾರಿ ಬಿಡಿಸಿಕೊಳ್ಳುತ್ತದೆ. ಶಟಲ್ ಯಾವುದಾದರೂ ಅಚ್ಚಿಗೆ ಬಿಗಿದುಕೊಂಡಿದ್ದರೆ ಹಿಂದಿನ ಎಳೆ ಅಲ್ಲಿಯೇ ಸಿಕ್ಕಿಕೊಳ್ಳುತ್ತಿತ್ತು. ಆದ್ದರಿಂದಲೇ ಅದನ್ನು ಎಲ್ಲಿಗೂ ಬಿಗಿದಿಲ್ಲ. ಅದು ದುಂಡನೆಯ ಗೂಡಿನಲ್ಲಿ ಸಡಿಲವಾಗಿ ಕುಳಿತಿದೆ, ಹಿಂದಿನ ತುಂಡೊಂದು ಅದನ್ನು ತಳ್ಳುತ್ತದೆಯಷ್ಟೆ, ಮತ್ತು ಆ ಎರಡರ ನಡುವೆ ದಾರ ನುಸುಳುವಷ್ಟು ಸಂದು ಉಳಿದಿರುತ್ತದೆ. ಶಟಲ್ಲನ್ನು ಬೆರಳಿನಿಂದ ಅಲುಗಾಡಿಸಿದರೆ ಸ್ವಲ್ಪ ಕದಲುತ್ತದೆ. ಅದನ್ನು ಸವೆತವೆಂದು ಭಾವಿಸಬೇಡಿ. ಇಡೀ ಯಂತ್ರದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವ ಜಾಣ್ಮೆ ಈ ಕೂದಲೆಳೆಯ ಸಂದಿನಲ್ಲಿದೆ.

ಅನಂತರ ಯಂತ್ರದ ಮುಂಬದಿಯಲ್ಲಿ ಏರಿಳಿಯುವ ಸನ್ನೆಕೋಲು, ಮಿಕ್ಕ ದಾರವನ್ನು ಮೇಲಕ್ಕೆ ಸೆಳೆದು ಹೆಣಿಗೆಯನ್ನು ಬಟ್ಟೆಯ ಎರಡು ಪದರಗಳ ನಡುವೆ ಬಿಗಿಯುತ್ತದೆ. ಬಾಬಿನ್ ಕೇಸನ್ನು ಬಳಸಿಬರಲು ಕೆಲವು ಅಂಗುಲ ದಾರ ಬೇಕು, ಹೊಲಿಗೆಯಲ್ಲಿ ಉಳಿಯುವುದು ಮಾತ್ರ ಕೆಲವೇ ಮಿಲಿಮೀಟರ್. ಹಾಗಾಗಿ ದಾರದ ಪ್ರತಿಯೊಂದು ಭಾಗವೂ ಬಟ್ಟೆ ಸೇರುವ ಮೊದಲು ಸೂಜಿಯ ಕಣ್ಣಿನಲ್ಲಿ ಹತ್ತಾರು ಬಾರಿ ಹಿಂದೆ ಮುಂದೆ ಉಜ್ಜಿಕೊಳ್ಳುತ್ತದೆ. ಕಳಪೆ ದಾರ ನವಿರೆದ್ದು ಹರಿಯುವುದು ಇದೇ ಕಾರಣಕ್ಕೆ.

ಫ್ರಾನ್ಸಿನ ತಿಮೊನಿಯೆ 1830ರಲ್ಲಿ ಪೇಟೆಂಟ್ ಪಡೆದ ಯಂತ್ರ ಒಂದೇ ದಾರದಿಂದ ಸರಪಳಿ ಹೊಲಿಗೆ ಹಾಕುತ್ತಿತ್ತು; ಅಕ್ಕಿ ಚೀಲದ ಬಾಯಿಯನ್ನು ಒಂದು ತುದಿ ಎಳೆದು ಸರ್ರನೆ ಬಿಚ್ಚುತ್ತೇವಲ್ಲ, ಅದೇ ಬಗೆಯದು. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಮೊನೆಯ ಬಳಿ ಕಣ್ಣಿರುವ ಸೂಜಿಯೂ, ಎರಡನೆಯ ದಾರವನ್ನು ಒಯ್ಯುವ ಶಟಲ್ಲೂ ಜೊತೆಗೂಡಿದ್ದವು. ಶಟಲ್ ಎಂದರೆ ನಮ್ಮ ನೇಕಾರರ ಲಾಳಿಯೇ. ಹೋವ್ ಅವರ ಯಂತ್ರದಲ್ಲಿ ಅದು ಮಗ್ಗದಲ್ಲಿರುವಂತೆಯೇ ಅತ್ತಿಂದಿತ್ತ ಓಡಿ ಕುಣಿಕೆಯನ್ನು ದಾಟುತ್ತಿತ್ತು.

ಪ್ರಶ್ನೆ: ಹೊಲಿಯುವಾಗ ಬಟ್ಟೆಯ ಕೆಳಬದಿಯಲ್ಲಿ ದಾರ ಗೋಜಲಾಗುತ್ತದೆ. ಬಾಬಿನ್ ಬದಲಿಸಿದರೂ ಸರಿಹೋಗಲಿಲ್ಲ. ಏನು ಮಾಡಬೇಕು?
(ಓದುಗರು, ರಾಣೆಬೆನ್ನೂರು)

ಉತ್ತರ: ಗೋಜಲು ಕೆಳಗೆ ಕಂಡರೂ ದೋಷ ಸಾಮಾನ್ಯವಾಗಿ ಮೇಲಿನ ದಾರದ್ದು. ಅದು ಸಡಿಲವಾಗಿದ್ದರೆ ಬಾಬಿನ್ನನ್ನು ಬಳಸಿಬಂದ ಕುಣಿಕೆ ಪೂರ್ತಿಯಾಗಿ ಮೇಲೆ ಬಾರದೆ ಕೆಳಗೇ ಉಳಿದುಬಿಡುತ್ತದೆ. ಬಟ್ಟೆಯನ್ನು ಅದುಮುವ ಪಾದವನ್ನು ಎತ್ತಿಟ್ಟು ದಾರವನ್ನು ಮೊದಲಿನಿಂದ ಪೋಣಿಸಿ. ಪಾದ ಎತ್ತಿದಾಗ ದಾರವನ್ನು ಬಿಗಿಹಿಡಿಯುವ ಎರಡು ಬಿಲ್ಲೆಗಳು ಬಿಚ್ಚಿಕೊಳ್ಳುವುದರಿಂದ ದಾರ ಅವುಗಳ ನಡುವೆ ಸರಿಯಾಗಿ ಕೂರುತ್ತದೆ. ಹೊಲಿಯುವ ಮುನ್ನ ಪಾದವನ್ನು ಇಳಿಸಲು ಮರೆಯಬೇಡಿ.