ದೇವರ ಕೆಲಸಕ್ಕೆ ಕೈ ಹಾಕಿದವನ ತಪ್ಪು ಯಾವುದು?

ಪ್ರಶ್ನೆ: ಎಂ.ಎ. ತರಗತಿಯಲ್ಲಿ ನಮಗೆ ಮೇರಿ ಶೆಲ್ಲಿಯವರ ‘ಫ್ರಾಂಕೆನ್‌ಸ್ಟೈನ್’ ಪಠ್ಯವಾಗಿದೆ. ಮನುಷ್ಯ ದೇವರ ಕೆಲಸಕ್ಕೆ ಕೈ ಹಾಕಬಾರದೆಂಬುದೇ ಈ ಕಾದಂಬರಿಯ ನೀತಿ ಎಂದು ಪಾಠ ಹೇಳಿದರು. ಓದುವಾಗ ನನಗೆ ಕನಿಕರ ಹುಟ್ಟಿದ್ದು ಮಾತ್ರ ಅದರಲ್ಲಿ ವಿಜ್ಞಾನಿ ಸೃಷ್ಟಿಸುವ ವಿಕಾರ ಜೀವಿಯ ಮೇಲೆ. ನಾನು ತಪ್ಪಾಗಿ ಓದಿದೆನೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಇಲ್ಲ, ನೀವು ಸರಿಯಾಗಿಯೇ ಓದಿದ್ದೀರಿ. ನಿಮ್ಮ ಅಧ್ಯಾಪಕರ ಮಾತಿಗೂ ಆಧಾರವಿದೆ: ಸೃಷ್ಟಿಕರ್ತನ ಅದ್ಭುತ ಯಂತ್ರವನ್ನು ಮನುಷ್ಯ ಅಣಕಿಸ ಹೊರಟರೆ ಪರಿಣಾಮ ಭಯಂಕರವೆಂದು ಲೇಖಕಿಯೇ 1831ರ ಆವೃತ್ತಿಯ ಪೀಠಿಕೆಯಲ್ಲಿ ಬರೆದಿದ್ದಾರೆ. ಆದರೆ ಕಾದಂಬರಿ ಮೊದಲು ಅಚ್ಚಾದದ್ದು 1818ರಲ್ಲಿ. ಈ ನಡುವೆ, 1823ರಲ್ಲಿ, ಕಥೆ ಲಂಡನ್ನಿನ ರಂಗಭೂಮಿಗೆ ಬಂದಾಗ ನಾಟಕಕ್ಕೆ ‘ಉದ್ಧಟತನ’ ಎಂಬರ್ಥದ ಹೆಸರನ್ನೇ ಇಟ್ಟಿದ್ದರು. ನೀತಿಪಾಠ ಗಟ್ಟಿಯಾದದ್ದು ಹೀಗೆ.

ಈಗ ಮೂಲದಲ್ಲಿ ಯುವ ವಿಜ್ಞಾನಿ ವಿಕ್ಟರ್ ಫ್ರಾಂಕೆನ್‌ಸ್ಟೈನ್ ತಾನು ಜೋಡಿಸಿದ ದೇಹಕ್ಕೆ ಜೀವ ಕೊಡುವ ನವೆಂಬರ್ ರಾತ್ರಿಗೆ ಹೋಗೋಣ. ಕಿಟಕಿಗೆ ಮಳೆ ಹನಿ ಬಡಿಯುತ್ತಿದೆ, ಮೇಣದಬತ್ತಿ ಉರಿದು ಮುಗಿಯುತ್ತಾ ಬಂದಿದೆ, ಜೀವಿಯ ಮಂದ ಹಳದಿ ಕಣ್ಣು ತೆರೆಯುತ್ತದೆ. ಹೊಸದೊಂದು ಕುಲವೇ ತನ್ನನ್ನು ಕರ್ತೃವೆಂದು ಹರಸುತ್ತದೆ ಎಂದು ಕನಸು ಕಂಡಿದ್ದ, ಅಂಗಾಂಗಗಳನ್ನು ಅಂದ ನೋಡಿ ಆಯ್ದು ಜೋಡಿಸಿದ್ದ ವಿಕ್ಟರ್, ಸುಮಾರು ಎರಡು ವರ್ಷದ ದುಡಿಮೆ ಫಲಿಸಿದ ಆ ಕ್ಷಣದಲ್ಲೇ ಅಸಹ್ಯಪಟ್ಟು ಕೋಣೆ ಬಿಟ್ಟು ಓಡುತ್ತಾನೆ. ಆ ಬಳಿಕ ಮಲಗಿದ್ದವನ ಹಾಸಿಗೆಯ ಪರದೆ ಸರಿಸಿ ಜೀವಿ ಏನೋ ತೊದಲುತ್ತಾ ಕೈ ಚಾಚಿದಾಗಲೂ ಅವನದು ಓಟವೇ. ಹೆತ್ತವರ ಮುಂದೆ ಕೂಸು ಮಾಡುವುದೂ ಹೀಗೆ ತೊದಲಿ ಕೈ ಚಾಚುವುದನ್ನೇ ಅಲ್ಲವೇ? ಜೀವಿಗೊಂದು ಹೆಸರನ್ನೂ ವಿಕ್ಟರ್ ಇಡಲಿಲ್ಲ. (ನಮ್ಮಲ್ಲಿ ಅನೇಕರು ಆ ಜೀವಿಯನ್ನೇ ಫ್ರಾಂಕೆನ್‌ಸ್ಟೈನ್ ಎನ್ನುತ್ತಾರೆ, ಅಪ್ಪನ ಹೆಸರಾದರೂ ದಕ್ಕಿತಲ್ಲ ಎಂದು ನಾನು ಅದನ್ನು ತಿದ್ದಲು ಹೋಗುವುದಿಲ್ಲ.) ದೇವರಿಗೆ ಸಲ್ಲುವ ಕೃತಜ್ಞತೆ ಅವನಿಗೆ ಬೇಕಿತ್ತು, ಪಾಲನೆಯ ಹೊಣೆ ಬೇಕಿರಲಿಲ್ಲ.

ಸೃಷ್ಟಿಸಿದವನ ಮೇಲಿನ ಈ ದೂರನ್ನು ಲೇಖಕಿ ಮುಖಪುಟದಲ್ಲೇ ದಾಖಲಿಸಿದ್ದಾರೆ. ‘ಮಣ್ಣಿನಿಂದ ನನ್ನನ್ನು ಮನುಷ್ಯನಾಗಿ ರೂಪಿಸೆಂದು ನಾನು ಕೇಳಿದ್ದೆನೇ?’ ಎಂದು ಇಂಗ್ಲಿಷ್ ಕವಿ ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದಲ್ಲಿ ಮೊದಲ ಮನುಷ್ಯ ಆದಾಮ ದೇವರಿಗೆ ಹಾಕುವ ಪ್ರಶ್ನೆ ಅಲ್ಲಿದೆ. ಕಾಡಿನಲ್ಲಿ ಸಿಕ್ಕ ಅದೇ ಕಾವ್ಯವನ್ನು ಓದಿದ ಜೀವಿ, ಆಲ್ಪ್ಸ್‌ನ ಹಿಮನದಿಯ ಬಳಿ ವಿಕ್ಟರನನ್ನು ತಡೆದು, ತಾನು ಅವನ ಆದಾಮನಾಗಬೇಕಿತ್ತು, ಪತಿತ ದೇವದೂತನಾದೆ, ಅಂದರೆ ಸೈತಾನನಾದೆ ಎನ್ನುತ್ತದೆ. ಸೈತಾನನಿಗಾದರೂ ಜೊತೆಗಾರರಿದ್ದರು, ತನಗೆ ಯಾರೂ ಇಲ್ಲ ಎಂಬ ಅಳಲು ಬೇರೆ.

ಬಿಟ್ಟು ಓಡದ ಸೃಷ್ಟಿಕರ್ತ ಹೇಗಿರುತ್ತಾನೆಂದು ನೋಡಬೇಕಿದ್ದರೆ ಎಚ್.ಜಿ. ವೆಲ್ಸ್‌ರ 1896ರ ಕಾದಂಬರಿಯ ಡಾಕ್ಟರ್ ಮೊರೋನನ್ನು ಓದಿ. ಅವನು ಪ್ರಾಣಿಗಳನ್ನು ಕೊಯ್ದು ಮನುಷ್ಯರಂತೆ ಮಾಡಿ, ದ್ವೀಪದಲ್ಲೇ ಉಳಿದು, ನೋವಿನ ಭಯದಿಂದ ಆಳುತ್ತಾನೆ.

ಮುಂದೆ ತಾನು ಮಾಡುವ ಕೊಲೆಗಳ ಹೊಣೆಯಿಂದ ವಿಕ್ಟರನ ಜೀವಿಗೆ ವಿನಾಯಿತಿಯಿಲ್ಲ, ನಿಜ. ಆದರೂ ಕೊನೆಯ ಪುಟಗಳನ್ನು ಮತ್ತೊಮ್ಮೆ ನೋಡಿ: ಹಡಗೊಂದರಲ್ಲಿ ಸಾಯುವ ಮುನ್ನ ವಿಕ್ಟರ್, ತನ್ನ ನಡತೆಯಲ್ಲಿ ದೂಷಿಸುವಂಥದ್ದೇನೂ ಕಾಣದು ಎನ್ನುತ್ತಾನೆ, ಅದೇ ಹಡಗಿನ ಕೋಣೆಯಲ್ಲಿ ಅವನ ಹೆಣದ ಮೇಲೆ ಬಾಗಿ ಕ್ಷಮೆ ಬೇಡುವುದು ಆ ಹೆಸರಿಲ್ಲದ ಜೀವಿ.