ಸಿಎಸ್‌ಎಸ್ ಬದಲಿಸಿದರೂ ಹಳೇ ಪುಟವೇ ಕಾಣುತ್ತಿದ್ದರೆ

ಸಿಎಸ್‌ಎಸ್ (ವೆಬ್ ಪುಟದ ಬಣ್ಣ, ವಿನ್ಯಾಸ ಹೇಳುವ ಫೈಲು) ಬದಲಿಸಿದ ಮೇಲೂ ಓದುಗರಿಗೆ ಹಳೇ ಬಣ್ಣಗಳೇ ಕಾಣುತ್ತಿವೆ, ಎಲ್ಲರಿಗೂ ಕಂಟ್ರೋಲ್-ಎಫ್5 (ಪುಟವನ್ನು ಸರ್ವರಿನಿಂದ ಹೊಸದಾಗಿ ತರಿಸುವ ಕೀಲಿ) ಒತ್ತಿ ಅಂತ ಹೇಳಬೇಕಾ ಎಂದು ಕೇಳಿದ್ದೀರಿ. ಬೇಡ, ಯಾರೂ ಒತ್ತುವುದಿಲ್ಲ. ಮೊಬೈಲಿನಲ್ಲಂತೂ ಆ ಕೀಲಿಯೇ ಇಲ್ಲ ಅಲ್ವಾ!

ಬ್ರೌಸರ್ ಹಿಂದೆ ಇಳಿಸಿಕೊಂಡ ಕಾಪಿಯನ್ನೇ (ಕ್ಯಾಶ್) ಬಳಸುವುದರಿಂದ ಹೀಗಾಗುತ್ತದೆ. ಫೈಲಿನ ಹೆಸರನ್ನೇ ಬದಲಿಸಿ, ಎಚ್‌ಟಿಎಂಎಲ್‌ನಲ್ಲೂ (ಪುಟದ ಮೂಲ ಫೈಲು) ಆ ಹೊಸ ಹೆಸರನ್ನೇ ಕೊಡಿ. ಸ್ಟೈಲ್.ಸಿಎಸ್‌ಎಸ್ ಹೋಗಿ ಸ್ಟೈಲ್-2.ಸಿಎಸ್‌ಎಸ್ ಆದರೆ ಬ್ರೌಸರ್‌ಗೆ ಅದು ಹೊಸ ವಿಳಾಸ, ಇಳಿಸಿಕೊಳ್ಳಲೇಬೇಕು. ಇಂಥ ಫೈಲುಗಳಿಗೆ ಮ್ಯಾಕ್ಸ್-ಏಜ್ (ಸರ್ವರನ್ನು ಕೇಳದೆ ಕಾಪಿ ಬಳಸಬಹುದಾದ ಅವಧಿ) 31536000 ಸೆಕೆಂಡು, ಅಂದರೆ ಒಂದು ವರ್ಷ, ಧಾರಾಳವಾಗಿ ಕೊಡಬಹುದು.

ಎಚ್‌ಟಿಎಂಎಲ್‌ಗೆ ಮಾತ್ರ ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲಿ (ಕಾಪಿ ಹೇಗೆ ಬಳಸಬೇಕೆಂದು ಫೈಲಿನ ಜೊತೆ ಸರ್ವರ್ ಕಳಿಸುವ ಸೂಚನೆ) ನೋ-ಕ್ಯಾಶ್ ಹಾಕಿ. ಇಲ್ಲದಿದ್ದರೆ ಹಳೇ ಎಚ್‌ಟಿಎಂಎಲ್ ಹಳೇ ಫೈಲನ್ನೇ ಕರೆಯುತ್ತದೆ, ಹೆಸರು ಬದಲಿಸಿದ್ದೂ ದಂಡ. ನೋ-ಕ್ಯಾಶ್ ಇದ್ದರೆ ಬ್ರೌಸರ್ ಕಾಪಿ ಇಟ್ಟುಕೊಂಡರೂ ಪ್ರತಿ ಸಲ ಸರ್ವರನ್ನು ಕೇಳಿಯೇ ತೋರಿಸುತ್ತದೆ. ಇಟ್ಯಾಗ್ (ಫೈಲಿನ ಆವೃತ್ತಿಯ ಗುರುತು) ಹೊಂದಿದರೆ ಬರೀ 304, ಅಂದರೆ ‘ಬದಲಾಗಿಲ್ಲ’ ಎಂಬ ಉತ್ತರ ಬರುತ್ತದೆ, ಡೇಟಾ ಜಾಸ್ತಿ ಖರ್ಚಾಗುವುದಿಲ್ಲ. ಸುಮ್ನೆ ಎಲ್ಲದಕ್ಕೂ ನೋ-ಸ್ಟೋರ್ (ಕಾಪಿಯನ್ನೇ ಇಟ್ಟುಕೊಳ್ಳಬೇಡ ಎಂಬ ಸೂಚನೆ) ಹಾಕಬೇಡಿ, ಸೈಟ್ ನಿಧಾನವಾಗುತ್ತದೆ.