'ಪಗಾರ ಆಗಿಲ್ರಿ ಕಾಕಾ' ಅಂದ್ರೆ ಏನ್ ಮಾಡೋದು?

ಪ್ರಶ್ನೆ: ಕಲಬುರಗಿಯ ಸೇಡಂ ರಸ್ತೆ ಕಡೆ ನಮ್ಮ ಮನೆ. ಮೇಲಿನ ಎರಡು ಮನೆಗಳನ್ನು ತಲಾ 6,000 ರೂಪಾಯಿಗೆ ಬಾಡಿಗೆ ಕೊಟ್ಟಿದ್ದೇನೆ. ಒಬ್ಬರಿಗೆ ಬೇಳೆ ಮಿಲ್‌ನಲ್ಲಿ ವಾರದ ಕೂಲಿ, ಇನ್ನೊಬ್ಬರು ಹೊರಗುತ್ತಿಗೆ ನೌಕರರು. ಯಾವಾಗ ಕೇಳಿದರೂ 'ಪಗಾರ ಆಗಿಲ್ರಿ ಕಾಕಾ' ಅಂತಾರೆ. ನೌಕರರದು ಮೂರು ತಿಂಗಳ ಬಾಕಿ ಇದೆ. ರಿಟೈರ್ ಆದ ನನಗೆ ಈ ದುಡ್ಡೇ ಆಧಾರ. ಲೈಟ್ ಕಟ್ ಮಾಡು ಅಂತಾರೆ ಗೆಳೆಯರು. ಮಾಡಲೇ?

ಉತ್ತರ: ಬೇಡ. ನೀರು, ಕರೆಂಟು ನಿಲ್ಲಿಸಿದರೆ ಬಾಕಿ ಇಟ್ಟವರೇ ನಿಮ್ಮ ಮೇಲೆ ದೂರು ಕೊಡ್ತಾರೆ. ಅದೂ ನಮ್ಮೂರ ಬಿಸಿಲಲ್ಲಿ ಫ್ಯಾನ್ ನಿಲ್ಲಿಸೋದು ಅಂದ್ರೆ ಓಣಿಯೆಲ್ಲ ಅವರ ಕಡೆಗೇ ನಿಲ್ಲುತ್ತೆ.

ನನಗೆ ಕಾಣೋ ತೊಂದರೆ ಬೇರೆ. ನೀವು ಬಾಡಿಗೆ ಕೇಳೋದು ಒಂದನೇ ತಾರೀಖಿಗೆ, ಅವರ ಕೈಗೆ ದುಡ್ಡು ಬರೋದು ಬೇರೆ ದಿನ. ವಾರದ ಕೂಲಿಯವರ ಹತ್ರ 6,000 ಒಟ್ಟಿಗೆ ಉಳಿಯೋದು ಕಷ್ಟ ಅಲ್ವಾ? ಕೂಲಿ ಸಿಕ್ಕ ಸಂಜೆಯೇ 1,500ರಂತೆ ನಾಲ್ಕು ಸಲ ತಗೊಳ್ಳಿ. ನೌಕರರಿಗೆ ಪಗಾರ ಯಾವಾಗ ಜಮಾ ಆಗುತ್ತೆ ಅಂತ ಬ್ಯಾಂಕ್ ಮೆಸೇಜ್ ನೋಡಿಯೇ ಮಾತಾಡಿ. ಅದರ ಮಾರನೇ ದಿನವನ್ನು ಬಾಡಿಗೆ ದಿನ ಅಂತ ಕರಾರಿನಲ್ಲಿ ಬರೆಸಿ. ಹಳೇ ಬಾಕಿಗೆ ತಿಂಗಳಿಗೆ 2,000 ಬೇರೆಯಾಗಿ ಕಟ್ಟಲಿ. ಹಾಗೆಂದು ಅವರ ಕೈಯಿಂದಲೇ ಬರೆಸಿ, ಸಹಿ ತಗೊಳ್ಳಿ. ಕೇಳೋಕೆ ಮುಜುಗರವಾದರೆ ಎರಡು ದಿನ ಮುಂಚೆ ವಾಟ್ಸಾಪ್ ಮಾಡಿ, ಸಾಕು.

ದುಡ್ಡು ಬಂದಾಗಲೆಲ್ಲ ಯಾವ ತಿಂಗಳದ್ದು ಅಂತ ಬರೆದು ರಸೀದಿ ಕೊಡಿ. 'ಡಿಪಾಸಿಟ್‌ನಲ್ಲಿ ಹಿಡ್ಕೊಳ್ಳಿ' ಅನ್ನೋ ಮಾತಿಗೆ ಮಾತ್ರ ಒಪ್ಪಬೇಡಿ. ಅದು ಕರಗಿದರೆ ಮನೆ ಬಿಡೋ ದಿನ ಬಣ್ಣಕ್ಕೂ ಲೈಟ್ ಬಿಲ್ಲಿಗೂ ನಿಮ್ಮ ಕೈಯಿಂದಲೇ ಹಾಕಬೇಕಾಗುತ್ತೆ.

ಇಷ್ಟಾದರೂ ಬರದಿದ್ದರೆ ನೋಟಿಸ್. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಕಡಿಮೆ ಬಾಡಿಗೆಯ ಮನೆಗಳಿಗೆ ಮಾತ್ರ. ದೊಡ್ಡ ಊರುಗಳಲ್ಲೇ ಅದರ ಮಿತಿ 3,500 ರೂಪಾಯಿ. ಹಾಗಾಗಿ ನಿಮಗೆ ಅನ್ವಯಿಸೋದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ತಿಂಗಳ ಲೆಕ್ಕದ ಬಾಡಿಗೆಗೆ, ಕರಾರಿನಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ, 15 ದಿನದ ಲಿಖಿತ ನೋಟಿಸ್ ಕೊಟ್ಟು ಮನೆ ಬಿಡಿ ಅನ್ನಬಹುದು. ಆಗಲೂ ಬಿಡದಿದ್ದರೆ ಕೋರ್ಟು, ಬೀಗ ಒಡೆಯೋದಲ್ಲ. ಬಾಕಿ ಬಾಡಿಗೆಗೆ ದಾವೆ ಹಾಕೋಕೆ ಮೂರು ವರ್ಷ ಕಾಲಾವಕಾಶ ಇದೆ.

ಒಂದು ಎಚ್ಚರ. ನೋಟಿಸ್ ಅವಧಿ ಮುಗಿದ ನಂತರದ ದಿನಗಳಿಗೂ ಬಾಡಿಗೆ ಅಂತ ದುಡ್ಡು ತಗೊಂಡರೆ, ನೋಟಿಸನ್ನು ನೀವೇ ಕೈಬಿಟ್ಟಂತೆ ಆಗಬಹುದು. ಆಗ ಹಳೇ ಬಾಕಿ ತಗೊಂಡರೂ ರಸೀದಿ ಬರೆಯೋ ಮುಂಚೆ ವಕೀಲರಿಗೆ ಒಂದು ಫೋನ್ ಮಾಡಿ.